ಮುಸುಕು ಹೊದ್ದ ಪ್ಯೂಜೋ

ಬಿಸಿಲಿಗೆ ಕಾದ ಸೀಟಿನ ಬಟ್ಟೆ, ಸ್ವಲ್ಪ ಪೆಟ್ರೋಲು, ಅದರ ಮೇಲೆ ಹುರಿದ ಕಡಲೆಕಾಯಿ. ಮೂರೂ ಸೇರಿದ ಆ ವಾಸನೆ ನರೇಂದ್ರನ ಮೂಗಿಗೆ ಹತ್ತಿದ್ದು ಅವನು ಐದನೇ ಕ್ಲಾಸಿನಲ್ಲಿದ್ದಾಗ. ಕಲ್ಯಾಣದುರ್ಗದ ರಸ್ತೆಯಲ್ಲಿ, ಸುಡುವ ಟಾರಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಸ್ಕೂಲಿನಿಂದ ಬರುತ್ತಿದ್ದವನ ಪಕ್ಕಕ್ಕೆ ಒಂದು ಕೆಂಪು ಕಾರು ಬಂದು ನಿಂತಿತು. ಅದರ ಸ್ಟೇರಿಂಗು ಎಡಗಡೆ ಇತ್ತು. "ಹತ್ಲಾ, ಕಾಲು ಬೊಬ್ಬೆ ಬತ್ತವೆ" ಎಂದ ಡ್ರೈವರು. ಹುಡುಗ ಹತ್ತಿದ. ಡ್ರೈವರು ಒಂದು ಬೊಗಸೆ ಕಡಲೆಕಾಯಿ ಕೊಟ್ಟು, ಮುಂದೆ ಖಾಲಿ ರಸ್ತೆ ಕಂಡದ್ದೇ ತಡ, ಕಾಲು ಒತ್ತಿದ. ಹುಡುಗನ ಬೆನ್ನು ಸೀಟಿಗೆ ಅಂಟಿಕೊಂಡಿತು. ಹೊಟ್ಟೆ ಮಾತ್ರ ಹಿಂದಿನ ಮೈಲಿಗಲ್ಲಿನ ಹತ್ತಿರವೇ ಉಳಿದುಹೋಯಿತು.

ಆ ವಾಸನೆಯನ್ನು ನರೇಂದ್ರ ನಲವತ್ತರ ಹತ್ತಿರ ಬಂದರೂ ಮರೆತಿರಲಿಲ್ಲ. ಬಿಸಿಲಲ್ಲಿ ಗಾಡಿ ನಿಲ್ಲಿಸಿ ಹತ್ತಿಸಿಕೊಂಡವರ ದಯೆಯನ್ನು ಮರೆಯುವುದಕ್ಕೆ ಅವನಿಗೆ ಒಂದು ವಾರವೂ ಬೇಕಾಗಿರಲಿಲ್ಲ.

ಈಗ ಅವನಿಗೆ ಹಿಂದೂಪುರದಲ್ಲಿ ಸೀಟ್ ಕವರು, ಹಾರನ್ನು, ಸ್ಟಿಕ್ಕರು ಮಾರುವ ಅಂಗಡಿ. ಊರವರ ಬಿಳಿ ಕಾರುಗಳ ಹಿಂದಿನ ಗಾಜಿಗೆ ದೇವರ ಹೆಸರು ಅಂಟಿಸುವುದು ದಿನದ ಕಸುಬು. ಮನಸ್ಸು ಮಾತ್ರ ಫ್ರಾನ್ಸಿನಲ್ಲಿ. ಆ ದೇಶವನ್ನು ಅವನು ನೋಡಿರಲಿಲ್ಲ. ಅವನಿಗೆ ಬರುತ್ತಿದ್ದ ಫ್ರೆಂಚೆಲ್ಲ ಬಿಡಿಭಾಗಗಳ ಹೆಸರು.

ಎಂಬತ್ತರ ದಶಕದಲ್ಲಿ ಫ್ರೆಂಚರು ಒಂದು ಕಿತಾಪತಿ ಮಾಡಿದರು. ಹೆಂಡತಿ ಮಕ್ಕಳು ಕೂರಲಿ, ಸಂತೆಯ ಚೀಲಗಳು ಹಿಡಿಯಲಿ ಎಂದು ಹಿಂದೊಂದು ಅಗಲ ಬಾಗಿಲಿಟ್ಟು ಮಾಡಿದ ಸಾಧು ಕಾರುಗಳ ಹೊಟ್ಟೆಗೆ ದೊಡ್ಡ ಎಂಜಿನ್ ತುರುಕಿದರು. ನೋಡಿದರೆ ಗುಮಾಸ್ತ, ಓಡಿದರೆ ಪೋಕರಿ. ಇದಕ್ಕೆ ಹಾಟ್ ಹ್ಯಾಚ್ ಎಂದು ಹೆಸರಾಯಿತು. ಬೇರೆ ದೇಶದವರೂ ಇಂಥದನ್ನು ಮಾಡಿದ್ದಾರೆ, ನಿಜ. ಆದರೆ ಫ್ರೆಂಚ್ ಕಾರಿನ ಭಕ್ತರ ಎದುರು ಹಾಗೆ ಹೇಳಿದರೆ ಅವರು ಚಟ್ನಿ ಬಟ್ಟಲನ್ನು ನಿಮ್ಮ ಕಡೆ ತಳ್ಳುವುದನ್ನೇ ನಿಲ್ಲಿಸುತ್ತಾರೆ.

ಅಂಥ ಭಕ್ತರ ಮಂಡಳಿಯೊಂದು ಭಾನುವಾರ ಬೆಳಿಗ್ಗೆ ಕೊಡಿಕೊಂಡ ಚೆಕ್‌ಪೋಸ್ಟಿನ ಹತ್ತಿರದ ಒಂದು ಡಾಬಾದಲ್ಲಿ ಸೇರುತ್ತಿತ್ತು. ಬೆಂಗಳೂರಿನಿಂದ ಕೆಲವರು, ಅನಂತಪುರದಿಂದ ಕೆಲವರು. ಮೂವತ್ತು ನಲವತ್ತು ವರ್ಷದ ಮುದಿ ಕಾರುಗಳನ್ನು ಲಾರಿಗಳ ನಡುವೆ ಸಾಲಾಗಿ ನಿಲ್ಲಿಸಿ, ಬಾನೆಟ್ಟು ಎತ್ತಿ, ಗರ್ಭಗುಡಿಯೊಳಗೆ ಇಣುಕುವವರ ಹಾಗೆ ಇಣುಕುತ್ತಿದ್ದರು. ಯಾವ ತಿರುವಿನಲ್ಲಿ ಯಾವ ಕಾರು ಹೇಗೆ ನಡೆದುಕೊಂಡಿತು ಎಂದು ಮಾತಾಡುತ್ತ ದೋಸೆಯನ್ನು ಆರಿಹೋಗಲು ಬಿಡುತ್ತಿದ್ದರು. ಬಿಡಿಭಾಗ ಸಿಗುವುದಿಲ್ಲ, ರಿಪೇರಿ ಮಾಡುವವರಿಲ್ಲ, ಮನೆಯವರ ಬೈಗುಳಕ್ಕೆ ಕೊನೆಯಿಲ್ಲ. ಆದರೂ ಬಿಡಲಾರರು. ಒಬ್ಬನ ಕಾರು ನಿಂತರೆ ಮಿಕ್ಕವರೆಲ್ಲ ಬಂದು ತಳ್ಳುತ್ತಿದ್ದರು. ಆ ಮಟ್ಟಿಗೆ ಅವರು ಒಳ್ಳೆಯವರು.

ಮಂಡಳಿಯಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವನು ನರೇಂದ್ರ. ಕಾರಿಲ್ಲದವನೂ ಅವನೊಬ್ಬನೇ. ಬರುತ್ತಿದ್ದದ್ದು ಬೈಕಿನಲ್ಲಿ.

"ನರೇಂದ್ರಣ್ಣ, ನಿಮ್ಮ ಕಾರು ಯಾವಾಗ ನೋಡೋದು ನಾವು?" ಎಂದು ಕೇಳಿದಳು ಅಮೃತಾ. ಪೆನುಕೊಂಡದ ಕಡೆ ಕಾರು ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಆಗಿದ್ದ ಅವಳಿಗೆ ಸೋದರಮಾವನಿಂದ ಬಂದ ಹಳೆಯ ರೆನೋ ಒಂದಿತ್ತು.

"ಪುದುಚೇರಿಲಿ ಒಂದು ಮಾತುಕತೆ ನಡೀತಾ ಐತೆ ಕಣಮ್ಮ."

"ಅದು ನಾನು ಕಾಲೇಜಲ್ಲಿದ್ದಾಗಿಂದ ನಡೀತಾ ಐತೆ."

"ಮಾತುಕತೇನೇ ಇಷ್ಟು ದೂರ ಓಡೈತೆ ಅಂದ್ರೆ," ಎಂದ ಪಕ್ಕದಲ್ಲಿದ್ದ ಓಬುಳೇಶ್, "ಈಗಾಗ್ಲೇ ಎರಡು ಜೊತೆ ಟೈರು ಸವೆದಿರ್ಬೇಕು."

ಎಲ್ಲರೂ ನಕ್ಕರು. ನರೇಂದ್ರನೂ ನಕ್ಕ. ನಗುತ್ತಲೇ, ಬೈಕಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಅಂಗೈಗೆ ಗೆರೆ ಬೀಳುವಷ್ಟು ಒತ್ತಿಕೊಂಡ. ಆ ಭಾನುವಾರ ಮನೆಗೆ ಬರುವಾಗಲೇ ಅವನು ತೀರ್ಮಾನ ಮಾಡಿಯಾಗಿತ್ತು.

ಬೇಕಾಗಿದ್ದ ಕಾರು ಪುದುಚೇರಿಯಲ್ಲಿರಲಿಲ್ಲ. ಬಾಲ್ಯದಲ್ಲಿ ಅವನು ಹತ್ತಿದ ಅದೇ ಕೆಂಪು ಕಾರು, ಪ್ಯೂಜೋ 309 ಜಿಟಿಐ ಎಂಬ ಹಾಟ್ ಹ್ಯಾಚ್, ಕಲ್ಯಾಣದುರ್ಗ ದಾಟಿ ಬ್ರಹ್ಮಸಮುದ್ರದ ಕಡೆ ತಿರುಗುವ ರಸ್ತೆಯ ಪಕ್ಕದ ಹಳ್ಳಿಯೊಂದರಲ್ಲಿ, ಮನೆಯ ಪಕ್ಕದ ಚಪ್ಪರದಡಿ, ದಪ್ಪ ಟಾರ್ಪಾಲಿನ ಮುಸುಕು ಹೊದ್ದು ನಿಂತಿತ್ತು. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಲು ಬಂದಿದ್ದ ಜೆರಾರ್ ಎಂಬ ಫ್ರೆಂಚ್ ಎಂಜಿನಿಯರ್, ಬಿಟ್ಟಿರಲಾರದೆ, ಅದನ್ನು ಹಡಗಿನಲ್ಲಿ ತರಿಸಿಕೊಂಡಿದ್ದ. ಊರಿನವರ ಬಾಯಲ್ಲಿ ಅವನು ಜೀರಪ್ಪ ದೊರೆಯಾದ, ಕಾರು ಪೂಜೆ ಕಾರಾಯಿತು. ತನ್ನ ದೇಶಕ್ಕೆ ಹೊರಟಾಗ, ಅಂದು ಹುಡುಗನನ್ನು ಹತ್ತಿಸಿಕೊಂಡಿದ್ದ ಡ್ರೈವರ್ ಅಶ್ವತ್ಥಪ್ಪನವರ ಕೈಗೆ ಕೀಲಿ ಕೊಟ್ಟು, "ಜೋಪಾನ, ಬಂದು ನೋಡ್ತೀನಿ" ಎಂದು ಸನ್ನೆಯಲ್ಲಿ ಹೇಳಿ ಕಣ್ಣೊರೆಸಿಕೊಂಡ. ಮತ್ತೆ ಬರಲಿಲ್ಲ. ಅಶ್ವತ್ಥಪ್ಪನವರು ಜೋಪಾನ ಮಾಡುವುದನ್ನು ಬಿಡಲಿಲ್ಲ.

ಅವರಿಗೀಗ ಎಪ್ಪತ್ತು ದಾಟಿತ್ತು. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗಿರುವುದು ಎಮ್ಮೆಯೋ ಮನುಷ್ಯನೋ ಎನ್ನುವುದನ್ನು ಅದು ಮಾತಾಡಿದ ಮೇಲೆ ಹೇಳುತ್ತಿದ್ದರು. ಆಪರೇಷನ್ನಿಗೆ ಒಪ್ಪುತ್ತಿರಲಿಲ್ಲ. ಕಾರು ಓಡಿಸುವುದು ನಿಂತುಹೋಗಿತ್ತು. ದಿನಾ ಸಂಜೆ ಮುಸುಕಿನ ಮೇಲೆ ಕೈಯಾಡಿಸಿ, ನಾಲ್ಕು ಮೂಲೆ ತಟ್ಟಿ, ಒಳಗೆ ಹೋಗುತ್ತಿದ್ದರು.

ನರೇಂದ್ರ ಎಷ್ಟೋ ಸಲ ಕೇಳಿ ನೋಡಿದ್ದ.

"ದೊಡ್ಡಪ್ಪ, ನಿಮ್ಗೆ ಕಣ್ಣು ಕಾಣಾಕಿಲ್ಲ. ಕಾರು ಇಟ್ಕೊಂಡು ಏನ್ ಮಾಡ್ತೀರ? ನಂಗೆ ಕೊಟ್ಬುಡಿ, ಒಳ್ಳೆ ಬೆಲೆ ಕೊಡ್ತೀನಿ."

"ಕಣ್ಣು ಕಾಣಾಕಿಲ್ಲ ಅಂತ ಹೆಂಡ್ತೀನ ಕೊಟ್ಬುಡಾಕಾಯ್ತದೇನಪ್ಪ?"

"ನನ್ನ ಕೇಳಿದ್ರೆ ಕೊಟ್ರೂ ಕೊಟ್ಟಾರು," ಎಂದರು ಒಳಗಿನಿಂದ ಅವರ ಹೆಂಡತಿ ಶಿವಲಕ್ಷ್ಮಮ್ಮ. "ಕಾರ್ ಮಾತ್ರ ಕೊಡಾಕಿಲ್ಲ ಕಣಪ್ಪ ಈ ಮನುಷ್ಯ."

"ದೊರೆ ಬಂದು ಕೇಳಿದ್ರೆ ಏನ್ ತೋರ್ಸ್ಲಿ? ಖಾಲಿ ಚಪ್ರ ತೋರ್ಸ್ಲಾ?"

ಇದು ನರೇಂದ್ರನಿಗೆ ಅನ್ಯಾಯದ ಪರಮಾವಧಿ ಎನಿಸುತ್ತಿತ್ತು. ಜಗತ್ತಿನ ಅತ್ಯುತ್ತಮ ಎಂಜಿನೊಂದು ಕತ್ತಲಲ್ಲಿ ಕೊಳೆಯುತ್ತಿದೆ. ಅದರ ಬೆಲೆ ಬಲ್ಲವನು ಬೈಕಿನಲ್ಲಿ ಬಂದು ನಗೆಪಾಟಲಾಗುತ್ತಿದ್ದಾನೆ. ಕದಿಯುವುದು ಎಂಬ ಮಾತೇ ಅವನಿಗೆ ಹೊಂದಿಕೆಯಾಗಲಿಲ್ಲ. ಬಿಡುಗಡೆ ಎನ್ನುವುದು ಸರಿ ಎನಿಸಿತು.

ಬಿಡುಗಡೆಯ ಯೋಜನೆಯನ್ನು ಅವನು ಅವಸರವಿಲ್ಲದೆ ಕಟ್ಟಿದ.

ಕಾರು ಕದ್ದವರು ಸಿಕ್ಕಿಬೀಳುವುದು ಕಾರು ಇಲ್ಲವಾದದ್ದು ಯಾರಿಗೋ ಗೊತ್ತಾಗುವುದರಿಂದ. ಗೊತ್ತಾಗದಿದ್ದರೆ ದೂರಿಲ್ಲ, ದೂರಿಲ್ಲದಿದ್ದರೆ ಪೊಲೀಸರಿಲ್ಲ, ಪೊಲೀಸರಿಲ್ಲದಿದ್ದರೆ ಅದು ಕಳ್ಳತನವೇ ಅಲ್ಲ, ವರ್ಗಾವಣೆ. ಹಾಗಾಗಿ ಚಪ್ಪರದಡಿ ಒಂದು ಕಾರು ಇರಲೇಬೇಕು. ಅದೇ ಉದ್ದ, ಅದೇ ಅಗಲ, ಕೈಯಾಡಿಸಿದರೆ ಅದೇ ಬೆನ್ನು. ಇಲ್ಲಿ ನರೇಂದ್ರನ ವಿದ್ಯೆ ಕೆಲಸಕ್ಕೆ ಬಂತು. ಇದೇ 309ರ ಸಾದಾ ತಮ್ಮನೊಬ್ಬ ಒಂದು ಕಾಲದಲ್ಲಿ ನಮ್ಮ ದೇಶದಲ್ಲೇ ತಯಾರಾಗಿ ಮಾರಾಟವಾಗಿದ್ದ. ದೇಹ ಒಂದೇ, ಆತ್ಮ ಬೇರೆ. ಅಂಥದೊಂದು, ಎಂಜಿನ್ ಕಳೆದುಕೊಂಡ ಅನಾಥ ಶವ, ಹಿಂದೂಪುರದ ಹೊರಗಿನ ಗುಜರಿಯಲ್ಲಿ ಬಿದ್ದಿತ್ತು. ಅವನು ಅದನ್ನು ತಂದು ತನ್ನ ಶೆಡ್ಡಿನಲ್ಲಿ ಇಟ್ಟ. ತುಕ್ಕು ಉಜ್ಜಿ, ಅದೇ ಕೆಂಪು ಬಣ್ಣ ಹೊಡೆಸಿದ. ಮುಸುಕಿನಡಿ ಯಾರಿಗೂ ಕಾಣುವುದಿಲ್ಲವೆಂದು ಗೊತ್ತಿದ್ದರೂ, ಜಿಟಿಐಗೆ ಮಾತ್ರ ಇರುವ ತೆಳು ಕೆಂಪು ಗೆರೆಯನ್ನು ಬಂಪರಿನ ಉದ್ದಕ್ಕೂ ಕೂತು ಅಂಟಿಸಿದ. ಸುಳ್ಳಿಗೂ ಒಂದು ಮರ್ಯಾದೆ ಬೇಡವೇ? ಸ್ಟೇರಿಂಗು ಬಲಗಡೆ ಇದ್ದದ್ದೊಂದನ್ನು ಸರಿಮಾಡಲಾಗಲಿಲ್ಲ. ಅದನ್ನು ಟಾರ್ಪಾಲಿಗೆ ಬಿಟ್ಟ.

ಎರಡನೆಯದು ನಂಬಿಕೆ. ತಿಂಗಳಿಗೊಮ್ಮೆ ಕಲ್ಯಾಣದುರ್ಗಕ್ಕೆ ಬಂದು, ಮುದುಕರಿಗೆ ಉಪಕಾರ ಮಾಡುವ ಸೋಗಿನಲ್ಲಿ ಬ್ಯಾಟರಿ ಬದಲಿಸಿದ, ಎಣ್ಣೆ ಬದಲಿಸಿದ, ಬ್ರೇಕು ಬಿಗಿ ಮಾಡಿದ, ಎಂಜಿನ್ ಶುರುಮಾಡಿ ಅಶ್ವತ್ಥಪ್ಪನವರಿಗೆ ಕೇಳಿಸಿದ. ಅವರು ಜಗಲಿಯ ಮೇಲೆ ಕೂತು, ಹಾಡು ಕೇಳುವವರಂತೆ ತಲೆದೂಗುತ್ತಿದ್ದರು. ಶಿವಲಕ್ಷ್ಮಮ್ಮ ಪ್ರತಿ ಸಲವೂ ಮುದ್ದೆ, ಹುರುಳಿಕಾಳು ಸಾರು ಮಾಡಿ ಬಡಿಸುತ್ತಿದ್ದರು. ಗಂಡನಿಗಿಂತ ಇವನ ಮುದ್ದೆ ದೊಡ್ಡದಿರುತ್ತಿತ್ತು. ಒಮ್ಮೆ ರೇಡಿಯೇಟರ್ ಫ್ಯಾನಿಗೆ ಕೈ ತಾಗಿ ರಕ್ತ ಬಂದಾಗ, ತಮ್ಮ ಹಳೆ ಸೀರೆಯ ಮೆತ್ತನೆಯ ಅಂಚು ಹರಿದು ಅರಿಶಿನ ಹಚ್ಚಿ ಕಟ್ಟಿದ್ದರು. ಆ ಹೊತ್ತಿನಲ್ಲಿ ನರೇಂದ್ರನ ಕಣ್ಣು ಬಾಗಿಲ ಪಕ್ಕದ ಮೊಳೆಯ ಮೇಲಿತ್ತು. ಕಾರಿನ ಕೀಲಿ ಅಲ್ಲಿ ತೂಗುತ್ತಿತ್ತು.

ಮೂರನೆಯದು ಶಿವಲಕ್ಷ್ಮಮ್ಮನವರ ಕಣ್ಣು. ಅದಕ್ಕೆ ಪೊರೆ ಬಂದಿರಲಿಲ್ಲ. ಜಗಲಿಯ ಮೇಲೆ ಕೂತೇ ಎದುರುಮನೆಯ ಮೊರದಲ್ಲಿರುವ ಕಲ್ಲು ತೋರಿಸುವ ಹೆಂಗಸು. ಕಾರು ಹೊರಡುವಾಗ ಅವರು ಊರಲ್ಲಿರಬಾರದು. ನರೇಂದ್ರ ಕಾದ. ಮಹಾನವಮಿಗೆ ಮುಂಚೆ, ಬ್ರಹ್ಮಸಮುದ್ರದಲ್ಲಿ ಅವರ ತಂಗಿ ನಾಗಕ್ಕನ ಮೊಮ್ಮಗಳ ಸೀಮಂತ ಬಂತು. ಬೆಳಗಿನ ಬಸ್ಸಿಗೆ ಹೋಗಿ ಮರುದಿನ ಮಧ್ಯಾಹ್ನ ಬರುತ್ತಾಳೆ ಎಂದು ಅಶ್ವತ್ಥಪ್ಪನವರೇ ಫೋನಿನಲ್ಲಿ ಹೇಳಿದರು. ಹೇಳಿ, "ನೀನೂ ಬಂದ್ರೆ ನಂಗೊಂದಿಷ್ಟು ಮಾತಾಯ್ತದೆ" ಎಂದು ಸೇರಿಸಿದರು.

"ಬತ್ತೀನಿ ದೊಡ್ಡಪ್ಪ. ಆಯುಧ ಪೂಜೆಗೆ ಕಾರಿಗೆ ಬಣ್ಣ ಹೊಡೆಸ್ಕೊಂಡ್ ಬತ್ತೀನಿ. ನನ್ ಕಡೆಯಿಂದ ಉಡುಗೊರೆ ಅಂದ್ಕೊಳ್ಳಿ."

"ನಿನ್ನಂಥೋನು ಯಾರಿದ್ದಾನಪ್ಪ," ಎಂದರು ಅಶ್ವತ್ಥಪ್ಪನವರು.

ಅದಾದ ಮೇಲೆ ಉಳಿದದ್ದೆಲ್ಲ ಸಲೀಸು. ಕಾರನ್ನು ಹಗಲಲ್ಲೇ, ಎಲ್ಲರ ಎದುರೇ ಒಯ್ಯುವುದು. ಮರುದಿನ ಎಲ್ಲರ ಎದುರೇ ಮುಸುಕು ಹೊದಿಸಿದ ಇನ್ನೊಂದನ್ನು ತಂದು ಬಿಡುವುದು. ಬಣ್ಣ ಹಸಿ, ಧೂಳು ಹಿಡಿಯುತ್ತದೆ, ಹಬ್ಬದವರೆಗೆ ಮುಸುಕು ತೆಗೆಯಬೇಡಿ ಎನ್ನುವುದು. ಹಬ್ಬದ ದಿನ ತಾನೇ ಬಂದು ಮೂತಿಯ ಕಡೆಯಷ್ಟೇ ಮುಸುಕೆತ್ತಿ, ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಮುಚ್ಚಿಬಿಡುವುದು. ಜಿಟಿಐ ಕೆಲವು ತಿಂಗಳು ಶೆಡ್ಡಿನಲ್ಲಿದ್ದು, ಬಿಳಿ ಬಣ್ಣ ಬಳಿಸಿಕೊಂಡು, ಪುದುಚೇರಿಯ ವಿಧವೆಯೊಬ್ಬಳಿಂದ ಬಂದದ್ದೆಂಬ ಕತೆಯೊಂದಿಗೆ ಕೊಡಿಕೊಂಡಕ್ಕೆ ಬರುವುದು. ಅಮೃತಾಳ ಮುಖವನ್ನು ಅವನು ಈಗಾಗಲೇ ಎಷ್ಟೋ ಸಲ ಕಲ್ಪಿಸಿಕೊಂಡಿದ್ದ. ಓಬುಳೇಶನ ಬಾಯಿಂದ ದೋಸೆಯ ತುಂಡು ಕೆಳಗೆ ಬೀಳುವುದನ್ನೂ.

ಅಂದುಕೊಂಡ ದಿನ ಅವನು ಬಸ್ಸಿನಲ್ಲಿ ಬಂದಿಳಿದಾಗ ಶಿವಲಕ್ಷ್ಮಮ್ಮ ಹೊರಟುಹೋಗಿದ್ದರು. ಅಶ್ವತ್ಥಪ್ಪನವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಹಬ್ಬದ ಪಂಚೆ ಉಟ್ಟು ಕೂತಿದ್ದರು. ಕಾರು ಹೊರಡುವ ದಿನವಲ್ಲವೇ. ನರೇಂದ್ರ ಮುಸುಕು ತೆಗೆದು ಮಡಿಸಿದ. ಬಾನೆಟ್ಟು ಎತ್ತಿ ಎಂಜಿನ್ ನೋಡಿದ, ಟೈರುಗಳಿಗೆ ಗಾಳಿ ಹೊಡೆದ, ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದ. ಅವನ ಹಾಗೆ ಪರೀಕ್ಷೆ ಮಾಡುವವರು ಮಂಡಳಿಯಲ್ಲೇ ಇರಲಿಲ್ಲ.

"ಜೋಪಾನ ಕಣಪ್ಪ," ಎಂದರು ಅಶ್ವತ್ಥಪ್ಪನವರು ಬಾನೆಟ್ಟು ಸವರುತ್ತ. "ತಿರುವ್ನಾಗೆ ಭಯ ಬಿದ್ದು ತಟ್ನೆ ಕಾಲು ತೆಗ್ದುಬುಟ್ಟೀಯ. ಬಾಲ ತಿರುಗ್ಸ್ಬುಡ್ತದೆ ಇದು."

"ಗೊತ್ತು ದೊಡ್ಡಪ್ಪ. ಮೊಲ ಓಡ್ದಂಗೆ ಓಡ್ತದೆ."

"ದೊರೇನೂ ಹಂಗೇ ಅನ್ನೋರು. ನಂಗೆ ಅವ್ರ ಮಾತು ತಿಳೀತಿರ್ಲಿಲ್ಲ, ಅವ್ರಿಗೆ ನನ್ನ ಮಾತು ತಿಳೀತಿರ್ಲಿಲ್ಲ. ಇದು ಓಡ್ತಿದ್ರೆ ಇಬ್ರಿಗೂ ಮಾತು ಬೇಕಾಗ್ತಿರ್ಲಿಲ್ಲ." ಅವರು ಕೈ ತೆಗೆಯಲಿಲ್ಲ. ನರೇಂದ್ರ ಗಾಡಿ ಶುರುಮಾಡಿದ ಮೇಲೆಯೇ ತೆಗೆದರು.

"ಯಾಡಿಕಿ ತೀಸ್ಕಪೋತಾಂಡಾವಬ್ಬಾ?" ಎಲ್ಲಿಗೆ ಒಯ್ಯುತ್ತಿದ್ದೀಯೆಂದು ಪಕ್ಕದ ಮನೆಯ ಬೀರಕ್ಕ ಗೋಡೆಯಾಚೆಯಿಂದ ತೆಲುಗಿನಲ್ಲಿ ಕೂಗಿದಳು.

"ಪೇಂಟ್ ಏಪಿಸ್ಕೋನಿ ರೇಪು ತೆಸ್ತಾ ಅಕ್ಕಾ!" ಬಣ್ಣ ಹೊಡೆಸಿಕೊಂಡು ನಾಳೆ ತರುತ್ತೇನೆ ಎಂದು ಅವನೂ ಬೇಕೆಂದೇ ಜೋರಾಗಿ ಕೂಗಿದ. ಸಾಕ್ಷಿ ತಾನಾಗಿಯೇ ಒದಗಿ ಬಂದಿತ್ತು.

ಕಂಬದೂರು ದಾಟುವವರೆಗೆ ಅವನು ಮೆಲ್ಲಗೆ ಓಡಿಸಿದ. ಕಿಟಕಿ ಇಳಿಸಿದ. ಬಾಲ್ಯದ ವಾಸನೆಗಾಗಿ ಮೂಗರಳಿಸಿದ. ಇತ್ತು, ಅದೇ ಬಿಸಿ ಬಟ್ಟೆ, ಅದೇ ಪೆಟ್ರೋಲು. ಜೊತೆಗೆ ಏನೋ ಬೂದಿಯ, ಹುಲ್ಲಿನ ಬೆಚ್ಚನೆಯ ವಾಸನೆಯೂ ಸೇರಿತ್ತು. ಆ ಕಾಲದ ಫ್ರೆಂಚ್ ಸೀಟಿನ ಸ್ಪಂಜು ಹಳೆಯದಾದರೆ ಹೀಗೇ ಆಗುತ್ತದೆ ಎಂದು ತನಗೆ ತಾನೇ ವಿವರಿಸಿ ಒಪ್ಪಿಕೊಂಡ.

ಪಾವಗಡದ ಕಡೆಯ ಖಾಲಿ ರಸ್ತೆಯಲ್ಲಿ, ಎರಡೂ ಬದಿಗೆ ಬಂಡೆಗುಡ್ಡಗಳು ನಿಂತು ನೋಡುತ್ತಿರುವಾಗ, ಅವನು ಕಾಲು ಒತ್ತಿದ. ಎಂಜಿನ್ ಮೊದಲು ಗಂಟಲು ಸರಿಮಾಡಿಕೊಂಡಿತು. ಆಮೇಲೆ ಹಾಡಿತು. ನರೇಂದ್ರನ ಬೆನ್ನು ಸೀಟಿಗೆ ಅಂಟಿತು. ಮುಂದಿದ್ದ ತಿರುವಿನಲ್ಲಿ ಸ್ಟೇರಿಂಗಿನ ಮೂಲಕ ರಸ್ತೆಯ ಒಂದೊಂದು ಹರಳೂ ಅವನ ಬೆರಳಿಗೆ ತಿಳಿಯಿತು. ಭಯವಾದರೂ ಕಾಲು ತೆಗೆಯಲಿಲ್ಲ. ಕಾರು ಚಿಟಿಕೆ ಹೊಡೆದಂತೆ ತಿರುಗಿ ನೇರವಾಯಿತು. ಅವನಿಗೆ ಅಳು ಬಂತು. ನಿಜಕ್ಕೂ ಬಂತು, ಪುಸ್ತಕದಲ್ಲಿ ಓದಿದ್ದ ದೇವರು ಎದುರಿಗೆ ಬಂದು ನಿಂತು ಹೆಸರು ಹಿಡಿದು ಕರೆದಂತೆ. ಎಡಗಡೆ ಕೂತಿದ್ದರಿಂದ ಎದುರಿನ ಲಾರಿ ಕಾಣದೆ, ಎರಡು ಸಲ ಸಾಯುವುದು ತಪ್ಪಿತು. ಒಬ್ಬ ಲಾರಿಯವನು ಅವನ ತಾಯಿಯನ್ನು ನೆನೆಸಿಕೊಂಡ. ಅದೂ ಅವನಿಗೆ ಮಂತ್ರದ ಹಾಗೆ ಕೇಳಿಸಿತು. ಇಂಥದನ್ನು ಮುಸುಕು ಹಾಕಿ ಇಡುವುದೇ ನಿಜವಾದ ಅಪರಾಧ ಎಂದುಕೊಂಡು, ಮಡಕಶಿರಾದಲ್ಲಿ ನಿಂತು ಒಂದು ಟೀ ಕುಡಿದ. ಟೀ ಅಂಗಡಿಯ ಹೆಂಗಸು ಗಾಡಿಯನ್ನು ನೋಡಿ, "ಬಾಳ ಹಳೇದು, ಪಾಪ" ಎಂದು ಅವನಿಗೆ ಒಂದು ಬನ್ನು ಸುಮ್ಮನೆ ಕೊಟ್ಟಳು. ನರೇಂದ್ರನಿಗೆ ಅವಮಾನವಾಯಿತು. ಆದರೂ ತಿಂದ.

ಹಿಂದೂಪುರ ಮುಟ್ಟಿ ಶೆಡ್ಡಿನೊಳಗೆ ಕಾರು ಬಿಟ್ಟು, ಎದುರು ನಿಂತು ಒಂದು ಫೋಟೋ ತೆಗೆದುಕೊಂಡ. ನಂಬರ್ ಪ್ಲೇಟುಗಳನ್ನು ಬಿಚ್ಚಿ ಬದಲಿ ಕಾರಿಗೆ ಹಾಕಿದ. ಶೆಡ್ಡಿಗೆ ಎರಡು ಬೀಗ ಜಡಿದ.

ಮರುದಿನ ಬೆಳಿಗ್ಗೆ ಬದಲಿ ಕಾರು, ಟಾರ್ಪಾಲು ಹೊದ್ದು, ಹಗ್ಗ ಬಿಗಿದುಕೊಂಡು, ಬಾಡಿಗೆಯ ಗಾಡಿಯ ಮೇಲೆ ಕಲ್ಯಾಣದುರ್ಗದ ದಾರಿ ಹಿಡಿಯಿತು. ಚಪ್ಪರದ ಹತ್ತಿರ ಬೀರಕ್ಕನೂ ಇನ್ನಿಬ್ಬರೂ ಸೇರಿ ತಳ್ಳಿಕೊಟ್ಟರು. "ಓಡ್ಸ್ಕೊಂಡ್ ಬರ್ಲಿಲ್ವಾ?" ಎಂದು ಕೇಳಿದರು ಅಶ್ವತ್ಥಪ್ಪನವರು.

"ಬಣ್ಣ ಹಸಿ ದೊಡ್ಡಪ್ಪ. ರಸ್ತೆ ಧೂಳು ಕೂತ್ಬುಟ್ರೆ ಎಲ್ಲಾ ದಂಡ."

ಅವರು ಮುಸುಕಿ‌ನ ಹತ್ತಿರ ಮೂಗು ತಂದು ಹೊಸ ಬಣ್ಣದ ವಾಸನೆ ಎಳೆದುಕೊಂಡರು. ಮೇಲೆ ಕೈಯಾಡಿಸಿದರು. ನರೇಂದ್ರ ಆ ಕೈಯನ್ನೇ ನೋಡಿದ. ಆ ಕೈ ಬೆನ್ನನ್ನು ಗುರುತಿಸಿತು, ಇಳಿಜಾರನ್ನು ಗುರುತಿಸಿತು, ನಾಲ್ಕು ಮೂಲೆ ತಟ್ಟಿತು. ಮುದುಕರ ಮುಖ ಅರಳಿತು. "ಇನ್ನು ದೊರೆ ಬಂದ್ರೂ ಮಕ ಎತ್ಕೊಂಡು ಮಾತಾಡ್ಬೋದು," ಎಂದು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

ನರೇಂದ್ರನ ಎದೆಯಲ್ಲಿ ಏನೋ ಸಣ್ಣಗೆ ಚುಚ್ಚಿತು. ಹಸಿವು ಎಂದುಕೊಂಡ. ನೋಡಿದರೆ, ಈ ವ್ಯವಹಾರದಲ್ಲಿ ನಷ್ಟವಾದವರು ಯಾರು? ಕಾಣದವರಿಗೆ ಕಾರಿನ ಬೆನ್ನು ಬೇಕಿತ್ತು, ಸಿಕ್ಕಿದೆ. ಕಾಣುವವನಿಗೆ ಎಂಜಿನ್ ಬೇಕಿತ್ತು, ಸಿಕ್ಕಿದೆ. ಬಾಡಿಗೆ ಗಾಡಿಯನ್ನು ಕಳಿಸಿ, ಜಗಲಿಯ ಮೇಲೆ ಕಾಲು ಚಾಚಿ ಕೂತ. ಇನ್ನು ಒಂದು ಊಟ ಮಾಡಿ, ಮಧ್ಯಾಹ್ನದ ಬಸ್ಸು ಹಿಡಿದರೆ ಮುಗಿಯಿತು.

ಬ್ರಹ್ಮಸಮುದ್ರದ ಬಸ್ಸು ಬಂದು ನಿಂತಿತು. ಶಿವಲಕ್ಷ್ಮಮ್ಮ ಇಳಿದು, ಕಂಡಕ್ಟರನ ಕೈಗೆ ಸೀಮಂತದ ಎಳ್ಳಿನ ಚಿಗಳಿಯುಂಡೆ ಒಂದು ಇಟ್ಟು, ಬಿಸಿಲಲ್ಲಿ ನಡೆದು ಬಂದರು. "ಬಂದ್ಯೇನಪ್ಪಾ? ಉಂಡಿಲ್ಲ ತಾನೆ? ಇರು, ಈಗ ಬತ್ತೀನಿ," ಎಂದು ಮುಖ ಕೂಡ ತೊಳೆಯದೆ ಅಡಿಗೆಮನೆಗೆ ಹೋದರು.

ಹೊರಗೆ ಬಂದಾಗ ಅವರ ಕೈಯಲ್ಲಿ ತಟ್ಟೆಯಿರಲಿಲ್ಲ, ನೆನೆಸಿದ ನುಚ್ಚಿನ ಒಂದು ಅಲ್ಯೂಮಿನಿಯಂ ಬಟ್ಟಲಿತ್ತು. ನರೇಂದ್ರನನ್ನು ದಾಟಿ ಅವರು ನೇರ ಕಾರಿನ ಹಿಂಭಾಗಕ್ಕೆ ನಡೆದರು. "ದೊಡ್ಡಮ್ಮಾ, ಬಣ್ಣ ಹಸಿ, ಮುಸುಕು ಎತ್ಬೇಡಿ," ಎಂದು ಅವನು ಎದ್ದು ನಿಂತ. "ಒಂಚೂರೇ ಕಣಪ್ಪ. ಮುಂಗುಸಿ ಕಾಟ ಅಂತ ಹೋದ ವಾರ ಕೋಳೀನ ಬುಟ್ಟಿ ಸಮೇತ ಇದ್ರ ಹಿಂದ್ಲ ಬಾಗ್ಲೊಳಗೆ, ಹಲಗೆ ಅಡಿ, ಕಾವಿಗೆ ಕೂರ್ಸಿದ್ದೆ. ಇವ್ರಿಗೆ ಹೇಳಿದ್ರೆ ದೊರೆ ಕಾರ್ನಾಗೆ ಕೋಳಿನಾ ಅಂತ ಕುಣೀತಾರೆ, ಅದ್ಕೆ ಹೇಳಿಲ್ಲ. ಬಣ್ಣಕ್ಕೆ ಹೊಯ್ತದೆ ಅಂತ ಇವ್ರೂ ನಂಗೆ ಹೇಳಿಲ್ಲ. ಕಾವಿಗೆ ಕೂತಿದ್ದು ಭೂಮಿ ನಡುಗಿದ್ರೂ ಕಮಕ್ ಅನ್ನಾಕಿಲ್ಲ ಕಣಪ್ಪ, ನಾವೇ ಹೋಗಿ ಇಕ್ಬೇಕು," ಎಂದು ಪಿಸುಗುಡುತ್ತ ಅವರು ಟಾರ್ಪಾಲು ಸರಿಸಿ ಬಾಗಿಲೆತ್ತಿದರು. ಒಳಗೆ ಬುಟ್ಟಿಯಿರಲಿಲ್ಲ, ಹುಲ್ಲಿರಲಿಲ್ಲ, ಬೂದಿಯಿರಲಿಲ್ಲ. ತುಕ್ಕು ತಿಂದ ತೂತೊಂದರಿಂದ ಚಪ್ಪರದ ನೆಲ ಕಾಣುತ್ತಿತ್ತು. ಅವರು ತಲೆ ಎತ್ತಿ, ಸೀಟುಗಳ ಮೇಲಿಂದ, ಬಲಗಡೆಯ ಸ್ಟೇರಿಂಗನ್ನು ಸ್ವಲ್ಪ ಹೊತ್ತು ನೋಡಿದರು. "ಏನೇ, ಹೆಂಗೈತೆ ಬಣ್ಣ?" ಎಂದು ಅಶ್ವತ್ಥಪ್ಪನವರು ಜಗಲಿಯಿಂದ ಕೂಗಿ ಕೇಳಿದರು. "ಚೆಂದಾಗೈತೆ ಕಣ್ರಿ, ನೀವು ಕೂತ್ಕಳ್ರಿ," ಎಂದು ಶಿವಲಕ್ಷ್ಮಮ್ಮ ಬಾಗಿಲು ಇಳಿಸಿ, ಮಲಗಿದ ಮಗುವಿಗೆ ಹೊದಿಸುವಂತೆ ಮುಸುಕು ಎಳೆದರು. ಆಮೇಲೆ ನರೇಂದ್ರನ ಹತ್ತಿರ ಬಂದು, ಗಂಡನಿಗೆ ಕೇಳದಷ್ಟು ಮೆಲ್ಲಗೆ, "ನಿನ್ನೆ ಬೆಳಗ್ಗಿಂದ ಉಂಡಿಲ್ಲ ಅದು. ಮೊದ್ಲು ಹೋಗಿ ಅದಕ್ಕಿಕ್ಕು. ಬರೋವಾಗ ದೊರೆ ಕಾರ್ನಾಗೇ ಕರ್ಕೊಂಡ್ ಬಾ. ನಿಧಾನಕ್ಕೆ ಓಡ್ಸು ಕಣಪ್ಪ, ಮೊಟ್ಟೆ ಅವೆ," ಎಂದು ಬಟ್ಟಲನ್ನು ಅವನ ಎರಡೂ ಕೈಗೆ ಕೊಟ್ಟು, ದಾರಿಯಲ್ಲಿ ನುಚ್ಚು ಚೆಲ್ಲದಿರಲೆಂದು ಮೇಲೊಂದು ಮುತ್ತುಗದ ಎಲೆ ಮುಚ್ಚಿದರು.